ಎರಡರಷ್ಟು ಮಾಡಿ ಮೂವತ್ತು ಕೂಡಿಸಿದರೆ

ನಮ್ಮಲ್ಲಿ ಬಿಸಿಲಿಗೆ ಒಂದು ಅಳತೆ, ಜ್ವರಕ್ಕೆ ಇನ್ನೊಂದು. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ಅಂದರೆ ಅದು ಸೆಲ್ಸಿಯಸ್. ಮಗುವಿಗೆ ನೂರೆರಡು ಜ್ವರ ಅಂದರೆ ಫ್ಯಾರನ್‌ಹೀಟ್. ಯಾರೂ ಬಿಡಿಸಿ ಹೇಳುವುದಿಲ್ಲ, ಯಾರಿಗೂ ಗೊಂದಲವಾಗುವುದೂ ಇಲ್ಲ. ತೊಂದರೆ ಬರುವುದು ಒಂದು ಅಳತೆಯನ್ನು ಇನ್ನೊಂದಕ್ಕೆ ಬದಲಾಯಿಸುವಾಗ.

ಸರಿಯಾದ ಲೆಕ್ಕ ಹೀಗೆ: ಸೆಲ್ಸಿಯಸ್ಸನ್ನು 1.8ರಿಂದ ಗುಣಿಸಿ 32 ಕೂಡಿಸಬೇಕು. ಆದರೆ 1.8ರ ಮಗ್ಗಿ ಯಾರಿಗೆ ಬರುತ್ತೆ ಹೇಳಿ? ಅದಕ್ಕೇ ಒಂದು ಒಳದಾರಿ ಬಳಕೆಯಲ್ಲಿದೆ. ಅಮೆರಿಕಕ್ಕೆ ಹೋದ ನಮ್ಮವರಲ್ಲಿ ಅನೇಕರಿಗೆ ಇದು ಗೊತ್ತು. ಎರಡರಷ್ಟು ಮಾಡಿ, 30 ಕೂಡಿಸಿ. ಹೊರಗೆ 25 ಡಿಗ್ರಿ ಸೆಲ್ಸಿಯಸ್ ಇದ್ದರೆ 80 ಫ್ಯಾರನ್‌ಹೀಟ್ ಅಂತ ಬರುತ್ತದೆ. ನಿಜವಾದ ಉತ್ತರ 77. ಸ್ವೆಟರ್ ಬೇಕಾ ಬೇಡ್ವಾ ಅಂತ ತೀರ್ಮಾನಿಸಲು ಇಷ್ಟು ಧಾರಾಳ ಸಾಕು.

ಇದೇ ಲೆಕ್ಕವನ್ನು ದೇಹದ ಉಷ್ಣತೆಗೆ ಹಚ್ಚಿ ನೋಡಿ. ಆರೋಗ್ಯವಾಗಿರುವವರ ಮೈ ಸುಮಾರು 37 ಡಿಗ್ರಿ ಸೆಲ್ಸಿಯಸ್. ಎರಡರಷ್ಟು 74, ಅದಕ್ಕೆ 30, ಒಟ್ಟು 104. ಏನೂ ಆಗದವರಿಗೆ ಸುಡುವ ಜ್ವರ!

ಯಾಕೆ ಹೀಗೆ? ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅಡ್ಡಕ್ಕೆ ಸೆಲ್ಸಿಯಸ್, ಉದ್ದಕ್ಕೆ ಫ್ಯಾರನ್‌ಹೀಟ್. ಸರಿಯಾದ ಲೆಕ್ಕವೂ ಒಂದು ಸರಳರೇಖೆ, ಒಳದಾರಿಯೂ ಒಂದು ಸರಳರೇಖೆ. ಸೆಲ್ಸಿಯಸ್ ಒಂದು ಡಿಗ್ರಿ ಮುಂದೆ ಹೋದಾಗ ರೇಖೆ ಎಷ್ಟು ಮೇಲೇರುತ್ತದೋ ಅದೇ ಅದರ ಇಳಿಜಾರು. ಸೆಲ್ಸಿಯಸ್ ಸೊನ್ನೆ ಇದ್ದಾಗ ರೇಖೆ ಎಷ್ಟು ಎತ್ತರದಲ್ಲಿದೆಯೋ ಅದು ಇಂಟರ್‌ಸೆಪ್ಟ್. ಸರಿಯಾದ ರೇಖೆಗೆ ಇಳಿಜಾರು 1.8, ಇಂಟರ್‌ಸೆಪ್ಟ್ 32. ಒಳದಾರಿಗೆ 2 ಮತ್ತು 30.

ಅಂದರೆ ಸೊನ್ನೆಯಲ್ಲಿ ಒಳದಾರಿ 2 ಡಿಗ್ರಿ ಕೆಳಗಿದೆ. ಆದರೆ ಅದರ ಏರು ಜಾಸ್ತಿ. ಪ್ರತಿ ಸೆಲ್ಸಿಯಸ್ ಡಿಗ್ರಿಗೂ 0.2ರಷ್ಟು ಹತ್ತಿರ ಬರುತ್ತದೆ. 2ನ್ನು 0.2ರಿಂದ ಭಾಗಿಸಿದರೆ 10. ಸರಿಯಾಗಿ 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡೂ ರೇಖೆಗಳು ಕೂಡುತ್ತವೆ, ಎರಡೂ 50 ಅನ್ನುತ್ತವೆ. ದೊಡ್ಡ ಸಮೀಕರಣವೇನೂ ಬೇಕಾಗಲಿಲ್ಲ, ನೋಡಿ. ಅಲ್ಲಿಂದಾಚೆ ಒಳದಾರಿ ಮೇಲೇ ಉಳಿಯುತ್ತದೆ, ಅಂತರ ಬೆಳೆಯುತ್ತಲೇ ಹೋಗುತ್ತದೆ. 40 ಡಿಗ್ರಿ ಮುಟ್ಟುವ ಹೊತ್ತಿಗೆ 6 ಡಿಗ್ರಿ ತಪ್ಪು.

ಹಾಗಾದರೆ ಜ್ವರ ನೋಡುವಾಗ 2ರ ಇಳಿಜಾರನ್ನು ಕೈಬಿಡಬೇಕಾ? ಬೇಕಿಲ್ಲ, ರೇಖೆಯನ್ನು ಸ್ವಲ್ಪ ಕೆಳಗೆ ಜರುಗಿಸಿದರೆ ಆಯಿತು. 37 ಅಂದರೆ 98.6 ಅಂತ ನೆನಪಿಟ್ಟುಕೊಳ್ಳಿ. ಅಲ್ಲಿಂದ ಮೇಲಿನ ಪ್ರತಿ ಡಿಗ್ರಿಗೂ 2 ಕೂಡಿಸಿ. 38ಕ್ಕೆ 100.6 ಬರುತ್ತದೆ, ನಿಜ 100.4. 39ಕ್ಕೆ 102.6, ನಿಜ 102.2. ತಮಾಷೆ ಏನೆಂದರೆ ಈ ಹೊಸ ರೇಖೆಯ ಇಂಟರ್‌ಸೆಪ್ಟ್ 24.6. ನೀರು ಹೆಪ್ಪುಗಟ್ಟುವ ಜಾಗದಲ್ಲಿ ಇದು 7.4 ಡಿಗ್ರಿ ತಪ್ಪು ಹೇಳುತ್ತದೆ, ಹಳೆಯದಕ್ಕಿಂತಲೂ ಕಡೆ. ಆದರೆ ಅಷ್ಟು ತಣ್ಣಗಿರುವವರಿಗೆ ಯಾರೂ ಥರ್ಮಾಮೀಟರ್ ಇಡುವುದಿಲ್ಲ. ಎರಡು ರೇಖೆಗಳಲ್ಲಿ ಯಾವುದು ಒಳ್ಳೆಯದು ಅಂತ ಸುಮ್ನೆ ಕೇಳಿದರೆ ಉತ್ತರ ಸಿಗದು. ಎಲ್ಲಿ ಬಳಸುತ್ತೀರಿ ಅನ್ನುವುದನ್ನೂ ಹೇಳಬೇಕು.

1.8 ಎಲ್ಲಿಂದ ಬಂತು? ನೀರು ಹೆಪ್ಪುಗಟ್ಟುವುದರಿಂದ ಕುದಿಯುವವರೆಗೆ ಸೆಲ್ಸಿಯಸ್‌ನಲ್ಲಿ 100 ಮೆಟ್ಟಿಲು, ಫ್ಯಾರನ್‌ಹೀಟ್‌ನಲ್ಲಿ 32ರಿಂದ 212ರವರೆಗೆ 180. ಇಳಿಜಾರು ಅಂದರೆ ಈ ಮೆಟ್ಟಿಲುಗಳ ಅನುಪಾತ ಅಷ್ಟೆ. ಇಂಟರ್‌ಸೆಪ್ಟ್ ಹುಟ್ಟಿದ್ದು ಸೊನ್ನೆಯನ್ನು ಎಲ್ಲಿಟ್ಟರು ಅನ್ನುವುದರಿಂದ. ಅದು ಆಯಾ ಮನುಷ್ಯರ ಇಷ್ಟ. ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ತನ್ನ ಮಾಪಕ ಮುಂದಿಟ್ಟಾಗ ನೀರು ಕುದಿಯುವುದು 0, ಹೆಪ್ಪುಗಟ್ಟುವುದು 100! ಅದನ್ನು ತಿರುವಿದ್ದು ಆಮೇಲೆ. ಆ ಮೂಲ ಮಾಪಕದಿಂದ ಇಂದಿನದಕ್ಕೆ ರೇಖೆ ಎಳೆದರೆ ಇಳಿಜಾರು ಮೈನಸ್ 1, ಇಂಟರ್‌ಸೆಪ್ಟ್ 100.

ಇಂಟರ್‌ಸೆಪ್ಟನ್ನು ಪೂರ್ತಿ ಮರೆಯಬೇಕಾದ ಜಾಗವೂ ಒಂದಿದೆ. ಭೂಮಿಯ ಸರಾಸರಿ ಉಷ್ಣತೆಯ ಏರಿಕೆಯನ್ನು, ಕೈಗಾರಿಕೆಗಳು ಬರುವ ಮುಂಚಿನ ಮಟ್ಟಕ್ಕಿಂತ 1.5 ಡಿಗ್ರಿಗೆ ನಿಲ್ಲಿಸಲು ಯತ್ನಿಸಬೇಕು ಎನ್ನುತ್ತದೆ 2015ರ ಪ್ಯಾರಿಸ್ ಒಪ್ಪಂದ. ಈ 1.5ನ್ನು ಫೋನಿನ ಕನ್ವರ್ಟರ್‌ಗೆ ಹಾಕಿದರೆ 34.7 ಫ್ಯಾರನ್‌ಹೀಟ್ ಅನ್ನುತ್ತದೆ. ಅಷ್ಟು ಏರಿದರೆ ಗತಿ ಏನು! ಇಲ್ಲಿ 1.5 ಒಂದು ಉಷ್ಣತೆಯಲ್ಲ, ಎರಡು ಉಷ್ಣತೆಗಳ ನಡುವಿನ ವ್ಯತ್ಯಾಸ. ಎರಡರಲ್ಲೂ 32 ಇರುವುದರಿಂದ ಕಳೆಯುವಾಗ ಅದು ಬಿದ್ದುಹೋಗುತ್ತದೆ. ಉಳಿಯುವುದು ಇಳಿಜಾರು ಮಾತ್ರ: 1.5ಕ್ಕೆ 1.8 ಪಟ್ಟು, 2.7 ಡಿಗ್ರಿ ಫ್ಯಾರನ್‌ಹೀಟ್. 1742ರ ಮಾಪಕವೇ ಇವತ್ತಿಗೂ ಉಳಿದಿದ್ದರೆ ಇದೇ ಏರಿಕೆಯನ್ನು ಮೈನಸ್ 1.5 ಅಂತ ಬರೆದುಕೊಳ್ಳುತ್ತಿದ್ದೆವು.