ಸಿಟೌಟ್ ಪಕ್ಕದ ಏಸಿ ಸದ್ದಿಗೆ ಪೆಟ್ಟಿಗೆ ಕಟ್ಟಿಸಬಹುದೇ?

ಪ್ರಶ್ನೆ: ನಮ್ಮ ಸಿಟೌಟ್‌ಗೆ ತಾಗಿದ ಗೋಡೆಯ ಮೇಲೆ ಏಸಿಯ ಔಟ್‌ಡೋರ್ ಯೂನಿಟ್ ಇದೆ. ಸಂಜೆ ಅಲ್ಲಿ ಕುಳಿತು ಮಾತನಾಡುವುದೇ ಕಷ್ಟವಾಗಿದೆ. ಅದರ ಸುತ್ತ ಪೆಟ್ಟಿಗೆ ಕಟ್ಟಿಸಿ ಮುಚ್ಚಿಬಿಡಬಹುದೇ?

ಉತ್ತರ: ಪೂರ್ತಿ ಮುಚ್ಚಬೇಡಿ. ಕೋಣೆಯ ಶಾಖವನ್ನು ಹೊರಗೆ ಚೆಲ್ಲುವುದೇ ಆ ಯೂನಿಟ್ಟಿನ ಕೆಲಸವಾದ್ದರಿಂದ, ಅದು ಬಿಟ್ಟ ಬಿಸಿಗಾಳಿಯನ್ನು ಅದೇ ಮತ್ತೆ ಒಳಗೆಳೆದುಕೊಳ್ಳುವಂತಾದರೆ ಕಂಪ್ರೆಸರ್ ಹೆಚ್ಚು ದುಡಿಯಬೇಕಾಗುತ್ತದೆ. ಆಗ ಕರೆಂಟ್ ಬಿಲ್ಲಿನ ಜೊತೆಗೆ ಸದ್ದೂ ಏರಬಹುದು.

ಸದ್ದು ಯಾವ ದಾರಿಯಲ್ಲಿ ಬರುತ್ತಿದೆ ಎಂಬುದನ್ನು ಮೊದಲು ಪತ್ತೆಮಾಡಬೇಕು. ಯೂನಿಟ್ಟಿನ ಪಕ್ಕದ ತಗಡನ್ನು ಅಂಗೈಯಿಂದ ಒತ್ತಿ ಹಿಡಿದಾಗ ಸದ್ದು ಇಳಿದರೆ ಸ್ಕ್ರೂ ಸಡಿಲವಾಗಿದೆಯೆಂದು ತಿಳಿಯಬಹುದು. ಗೋಡೆಯಾಚೆಯ ಕೋಣೆಯಲ್ಲೂ ಗುಂಯ್‌ಗುಡುವ ಸದ್ದು ಕೇಳಿಸುತ್ತಿದ್ದರೆ, ಕಂಪ್ರೆಸರಿನ ಕಂಪನವು ಬ್ರಾಕೆಟ್ಟಿನ ಮೂಲಕ ಗೋಡೆಗೆ ಇಳಿದು, ಇಡೀ ಗೋಡೆಯೇ ತಂಬೂರಿಯ ಬುರುಡೆಯಂತೆ ಮೊಳಗುತ್ತಿದೆ ಎಂದರ್ಥ. ಬ್ರಾಕೆಟ್ಟಿಗೂ ಯೂನಿಟ್ಟಿಗೂ ನಡುವೆ ದಪ್ಪ ರಬ್ಬರ್ ಪ್ಯಾಡ್ ಹಾಕಿಸುವುದು, ತಾಮ್ರದ ಪೈಪು ಗೋಡೆಗೆ ತಗುಲುವಲ್ಲಿ ಮೆತ್ತೆ ಕೊಡುವುದು, ಸಾಧ್ಯವಾದರೆ ಯೂನಿಟ್ಟನ್ನು ನೆಲದ ಸ್ಟ್ಯಾಂಡಿಗೆ ಇಳಿಸುವುದು ಇದಕ್ಕೆ ಪರಿಹಾರ. ಖರ್ಚು ಕಡಿಮೆ, ಫಲ ಹೆಚ್ಚು. ಆದರೂ ಬಹುತೇಕರು ಇದನ್ನು ಬಿಟ್ಟು ನೇರವಾಗಿ ಬಡಗಿಯನ್ನು ಕರೆಸುತ್ತಾರೆ.

ಗಾಳಿಯಲ್ಲಿ ಬರುವ ಸದ್ದಿಗೆ ದೂರವೇ ಮುಖ್ಯ ಮದ್ದು. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಗೋಡೆಗಳ ನಡುವೆ ಸದ್ದು ಪ್ರತಿಫಲಿಸುವುದರಿಂದ ಅಷ್ಟು ಇಳಿಯುವುದಿಲ್ಲ, ಮೂಲೆಯಲ್ಲಿ ಕೂರಿಸಿದ ಯೂನಿಟ್ ಇನ್ನೂ ಜೋರಾಗಿ ಕೇಳಿಸುತ್ತದೆ. ಜಾಗ ಬದಲಿಸಲಾಗದಿದ್ದರೆ ತಡೆಗೋಡೆ ಹಾಕಿಸಬಹುದು. ಅದು ಸಂದಿಯಿಲ್ಲದ, ಭಾರವಾದ ಹಲಗೆಯದಾಗಿರಬೇಕು. ಕುರ್ಚಿಯಲ್ಲಿ ಕುಳಿತವರಿಗೆ ಯೂನಿಟ್ ಕಾಣದಷ್ಟು ಎತ್ತರವಿರಬೇಕು. ಕಂಪನಿಯ ಕೈಪಿಡಿ ಸೂಚಿಸುವಷ್ಟು ಜಾಗವನ್ನು ಫ್ಯಾನಿನ ಮುಂದೆಯೂ ಹಿಂಬದಿಯಲ್ಲೂ ಬಿಟ್ಟಿರಬೇಕು. ಹೂಕುಂಡಗಳ ಸಾಲು ಯೂನಿಟ್ಟನ್ನು ಮರೆಮಾಡುತ್ತದೆಯೇ ಹೊರತು ಸದ್ದನ್ನು ತಡೆಯುವುದಿಲ್ಲ.

ಇನ್ವರ್ಟರ್ ಏಸಿಯಾದರೆ 18 ಡಿಗ್ರಿಯ ಬದಲು 25ಕ್ಕೆ ಇಟ್ಟು ನೋಡಿ. ಕೋಣೆ ತಂಪಾದ ಮೇಲೆ ಕಂಪ್ರೆಸರ್ ನಿಧಾನವಾಗಿ ತಿರುಗುವುದರಿಂದ ಸದ್ದೂ ತಗ್ಗುತ್ತದೆ.

ಯೂನಿಟ್ಟಿನ ಮುಖ ತಿರುಗಿಸುವ ಮುನ್ನ ನೆರೆಮನೆಯ ಕಿಟಕಿ ಎಲ್ಲಿದೆಯೆಂದು ನೋಡಿಕೊಳ್ಳಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಶಬ್ದದ ಮಿತಿ ಹಗಲಿನಲ್ಲಿ 55 ಡೆಸಿಬಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್. ಮಲಗುವ ಹೊತ್ತಿನಲ್ಲೇ ಏಸಿ ಹೆಚ್ಚಾಗಿ ಓಡುವುದರಿಂದ ಎರಡನೆಯ ಅಂಕಿಯೇ ನಿಮಗೆ ಅನ್ವಯಿಸುವುದು ಹೆಚ್ಚು.