ತುಟಿಯಿಂದ ಕರುಳಿಗೆ ಎಷ್ಟು ಇಳಿಯುತ್ತದೆ?

ಬೆಳಿಗ್ಗೆ ಹಚ್ಚಿಕೊಂಡ ತುಟಿಬಣ್ಣ ಸಂಜೆಯ ಹೊತ್ತಿಗೆ ಎಲ್ಲಿ ಹೋಗಿರುತ್ತದೆ? ಲೋಟದ ಅಂಚಿಗೆ ಸ್ವಲ್ಪ, ಕರವಸ್ತ್ರಕ್ಕೆ ಸ್ವಲ್ಪ ಅಂಟಿರುತ್ತದೆ. ಇನ್ನು ಸ್ವಲ್ಪ ನಾಲಿಗೆ ಸವರಿದಾಗಲೆಲ್ಲ ಹೊಟ್ಟೆಗೆ ಇಳಿದಿರುತ್ತದೆ. ಹೆಚ್ಚಿನವರಿಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ. ಗೋಧಿಯಂಥ ಧಾನ್ಯ ತಿಂದರೆ ಕರುಳು ಕೆಡುವ ಸೀಲಿಯಾಕ್ ಕಾಯಿಲೆ ಇದೆ ಎಂದು ಗೊತ್ತಾದವರಿಗೆ ಮಾತ್ರ, ಅಡುಗೆಮನೆಯನ್ನೆಲ್ಲ ಜಾಲಾಡಿ ಮುಗಿದ ಮೇಲೆ, ಒಂದು ದಿನ ಕನ್ನಡಿಯ ಮುಂದೆ ಥಟ್ಟನೆ ಹೊಳೆಯುತ್ತದೆ: ಇದರಲ್ಲೂ ಗೋಧಿ ಇದ್ದರೆ?

ಈ ಭಯವನ್ನು ಅತಿ ಎಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ತುಟಿಬಣ್ಣವೆಲ್ಲ ವಿಷ ಎಂದು ಹೆದರಿಸುವವರನ್ನೂ ಒಪ್ಪುವುದಿಲ್ಲ. ಇದು ಲೆಕ್ಕ ಹಾಕಿ ನೋಡಬೇಕಾದ ವಿಷಯ.

ಸೀಲಿಯಾಕ್ ಕಾಯಿಲೆ ಅಲರ್ಜಿಯಲ್ಲ, ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕರುಳಿನ ಮೇಲೆ ತಿರುಗಿಬೀಳುವ ಸ್ಥಿತಿ. ಜಗತ್ತಿನಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಇದೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಅಂಟು ಪ್ರೋಟೀನು ನಮ್ಮ ಜೀರ್ಣರಸಗಳಿಗೆ ಪೂರ್ತಿ ಬಗ್ಗುವುದಿಲ್ಲ. ಅರೆಬರೆ ಕತ್ತರಿಸಿದ ಅದರ ತುಣುಕುಗಳು ಸಣ್ಣ ಕರುಳಿನ ಒಳಪದರ ದಾಟಿದಾಗ, ಎಚ್‌ಎಲ್‌ಎ-ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ಆನುವಂಶಿಕ ಗುರುತು ಹೊತ್ತ ಕೆಲವರಲ್ಲಿ ರಕ್ಷಣಾ ಕೋಶಗಳು ಕೆರಳುತ್ತವೆ. ಆಹಾರ ಹೀರಿಕೊಳ್ಳುವ, ಸಣ್ಣ ಬೆರಳುಗಳಂಥ ಚಾಚುಗಳು ಸವೆದು ಚಪ್ಪಟೆಯಾಗುತ್ತವೆ. ಇದಕ್ಕೆ ಗೋಧಿಯೇ ಕಾರಣ ಎಂಬುದನ್ನು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕ್ಕೆ 1950ರ ತಮ್ಮ ಪ್ರಬಂಧದಲ್ಲಿ ತೋರಿಸಿಕೊಟ್ಟರು. ಅಂದಿನಿಂದ ಇಂದಿನವರೆಗೂ ಈ ಕಾಯಿಲೆಗೆ ಮದ್ದು ಎಂದರೆ ಗ್ಲುಟೆನ್ ಬಿಡುವ ಪಥ್ಯ, ಅದೂ ಜೀವನಪೂರ್ತಿ.

ಅಂದರೆ ಜಗಳ ನಡೆಯುವ ಜಾಗ ಕರುಳು, ಚರ್ಮವಲ್ಲ. ಗ್ಲುಟೆನ್ ದೊಡ್ಡ ಅಣು. ಗಾಯವಿಲ್ಲದ ಚರ್ಮವನ್ನು ದಾಟಿ ಅದು ರಕ್ತಕ್ಕೆ ಸೇರಿ ಕರುಳನ್ನು ಕೆಡಿಸುವುದಿಲ್ಲ. ಸೀಲಿಯಾಕ್‌ನ ಜೊತೆಗೇ ಬರುವ, ಗುಳ್ಳೆ ಎದ್ದು ವಿಪರೀತ ತುರಿಸುವ ಚರ್ಮದ ತೊಂದರೆಯೊಂದಿದೆ. ಅದನ್ನು ಕೆರಳಿಸುವುದೂ ಹೊಟ್ಟೆಗೆ ಹೋದ ಗ್ಲುಟೆನ್ನೇ. ಆದ್ದರಿಂದ ಶಾಂಪೂ, ಕಾಡಿಗೆಗಳ ಚಿಂತೆಯನ್ನು ಬಹುಮಟ್ಟಿಗೆ ಬಿಡಬಹುದು. ತುಟಿಯದು ಬೇರೆ ಮಾತು, ಅಲ್ಲಿ ಹಚ್ಚಿದ್ದು ಬಾಯಿಗೆ ಹೋಗುತ್ತದೆ.

ಎಷ್ಟು ಹೋಗುತ್ತದೆ? ತುಟಿಬಣ್ಣದಲ್ಲಿ ಸೀಸದಂಥ ಲೋಹಗಳಿವೆಯೇ ಎಂದು ನೋಡಲು ಹೊರಟ, ಅಮೆರಿಕದ ಬರ್ಕ್ಲಿಯ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನಮ್ಮ ನೆರವಿಗೆ ಬರುತ್ತದೆ. ಸಾಧಾರಣವಾಗಿ ಬಳಸುವವರಿಗೆ ದಿನಕ್ಕೆ 24 ಮಿಲಿಗ್ರಾಂ, ಮತ್ತೆ ಮತ್ತೆ ಹಚ್ಚುವವರಿಗೆ 87 ಮಿಲಿಗ್ರಾಂ ಎಂದು ಅವರು ಲೆಕ್ಕ ಇಟ್ಟುಕೊಂಡಿದ್ದರು. ನಾವು 87ನ್ನೇ ಹಿಡಿಯೋಣ, ಅದಷ್ಟೂ ಹೊಟ್ಟೆಗೇ ಹೋಯಿತು ಎಂದುಕೊಳ್ಳೋಣ. ಆಹಾರವನ್ನು ‘ಗ್ಲುಟೆನ್‌ರಹಿತ’ ಎನ್ನಲು ಅಂತರರಾಷ್ಟ್ರೀಯ ಮಿತಿ ಹತ್ತು ಲಕ್ಷ ಭಾಗಕ್ಕೆ 20 ಭಾಗ. ಆ ಮಿತಿಯ ಅಂಚಿನಲ್ಲಿರುವ ತುಟಿಬಣ್ಣ 87 ಮಿಲಿಗ್ರಾಂ ತಿಂದರೆ ಒಳಗೆ ಹೋಗುವ ಗ್ಲುಟೆನ್ 0.002 ಮಿಲಿಗ್ರಾಂಗಿಂತಲೂ ಕಡಿಮೆ. ಮಾಮೂಲಿಯಾಗಿ ಸುರಕ್ಷಿತ ಎನ್ನುವುದು ದಿನಕ್ಕೆ 10 ಮಿಲಿಗ್ರಾಂ ಒಳಗಿನ ಪ್ರಮಾಣವನ್ನು. ಅಲ್ಲಿಗೆ ಮುಟ್ಟಲು ಇಂಥ ಬಳಕೆಯ ಐದು ಸಾವಿರ ಪಟ್ಟಿಗೂ ಹೆಚ್ಚು ಬೇಕು. ಗೋಧಿ ಪ್ರೋಟೀನನ್ನು ಬೇಕೆಂದೇ ನೂರಕ್ಕೆ ಒಂದರಷ್ಟು ಬೆರೆಸಿದ್ದಾರೆ ಎಂದುಕೊಂಡರೂ 0.87 ಮಿಲಿಗ್ರಾಂ ಆಯಿತು.

ಆ 10 ಮಿಲಿಗ್ರಾಂ ಎಲ್ಲಿಂದ ಬಂತು ಎಂದು ಕೇಳುವುದು ನ್ಯಾಯವೇ. 2007ರಲ್ಲಿ ಪ್ರಕಟವಾದ ಇಟಲಿಯ ಪ್ರಯೋಗದಲ್ಲಿ, ಪಥ್ಯದಲ್ಲಿದ್ದ ರೋಗಿಗಳಿಗೆ ಮೂರು ತಿಂಗಳು ಗುಳಿಗೆಯಲ್ಲಿ ದಿನಕ್ಕೆ 10 ಅಥವಾ 50 ಮಿಲಿಗ್ರಾಂ ಗ್ಲುಟೆನ್, ಇಲ್ಲವೇ ಬರೀ ಹುಸಿಗುಳಿಗೆ ಕೊಟ್ಟರು. 50 ಮಿಲಿಗ್ರಾಂ ತಗೊಂಡವರ ಕರುಳು ಕೆಟ್ಟಿತ್ತು. 10 ತಗೊಂಡವರಲ್ಲಿ ಒಬ್ಬರಿಗೆ ಲಕ್ಷಣಗಳು ಮರಳಿದವು. ಆ ಒಬ್ಬರನ್ನು ನಾನು ಮರೆಯಲಾರೆ. ಎಲ್ಲರ ಕರುಳೂ ಒಂದೇ ಅಳತೆಯದ್ದಲ್ಲ. ಹಾಗಾಗಿ ಲೆಕ್ಕ ಇಷ್ಟು ಸಮಾಧಾನ ಹೇಳಿದರೂ ಕೊಳ್ಳುವವರಿಗೆ ಒಳಗೇನಿದೆ ಎಂದು ತಿಳಿಯುವ ಹಕ್ಕು ಇದ್ದೇ ಇರುತ್ತದೆ.

ಪರೀಕ್ಷೆಗಳ ಫಲವೂ ಈ ಲೆಕ್ಕಕ್ಕೆ ಹೊಂದುತ್ತದೆ. ಇಟಲಿಯಲ್ಲೇ 66 ಸೌಂದರ್ಯವರ್ಧಕ ಮತ್ತು ದಂತಶುದ್ಧಿಯ ಸಾಮಾನುಗಳನ್ನು ಪರೀಕ್ಷಿಸಿದಾಗ 62ರಲ್ಲಿ ಗ್ಲುಟೆನ್ 20ರ ಮಿತಿಯೊಳಗಿತ್ತು. ಮಿತಿ ದಾಟಿದ ನಾಲ್ಕೂ ತೀರಾ ದೂರವೇನೂ ಹೋಗಿರಲಿಲ್ಲ. ಕಾರಣ ಊಹಿಸಬಹುದು. ಕಡ್ಡಿಯ ರೂಪದ ತುಟಿಬಣ್ಣ ಮೂಲತಃ ಜೇನುಮೇಣ, ಸಸ್ಯಮೇಣ, ಹರಳೆಣ್ಣೆ, ಬಣ್ಣದ ಪುಡಿ. ನೀರೇ ಇಲ್ಲದ ಈ ಎಣ್ಣೆಮೇಣದ ಮುದ್ದೆಯಲ್ಲಿ ನೀರಿಗೆ ಒಗ್ಗುವ ಗೋಧಿ ಪ್ರೋಟೀನಿಗೆ ಜಾಗ ಕಡಿಮೆ. ಸಂಶಯಪಡಬೇಕಾದದ್ದು ‘ಪೋಷಕ’, ‘ತುಟಿ ತುಂಬಿಸುವ’ ಎಂಬ ಮಾತು ಹೊತ್ತ ದ್ರವ, ಕ್ರೀಮುಗಳ ಮೇಲೆ. ಗೋಧಿ ಮೊಳಕೆಯ ಎಣ್ಣೆ ಲಿಪ್ ಬಾಮ್‌ಗಳಲ್ಲಿ ಕಾಣಸಿಗುತ್ತದೆ. ಎಣ್ಣೆಯಲ್ಲಿ ಪ್ರೋಟೀನು ಇರಬಾರದು, ಆದರೆ ಶುದ್ಧೀಕರಿಸದ ಎಣ್ಣೆಯಲ್ಲಿ ಕುರುಹು ಉಳಿಯಬಹುದು.

‘ಹೈಡ್ರೊಲೈಸ್ಡ್ ವೀಟ್ ಪ್ರೋಟೀನ್’ ಎಂಬ ಹೆಸರಿನ ಬಳಿ ಸ್ವಲ್ಪ ನಿಲ್ಲಬೇಕು. ಗೋಧಿ ಪ್ರೋಟೀನನ್ನು ಆಮ್ಲ ಅಥವಾ ಕಿಣ್ವದಿಂದ ತುಂಡರಿಸಿ ಇದನ್ನು ಮಾಡುತ್ತಾರೆ. ಜಪಾನಿನಲ್ಲಿ ಈ ಪದಾರ್ಥವಿದ್ದ ಒಂದು ಮುಖದ ಸೋಪು ಬಳಸಿದ 2 ಸಾವಿರಕ್ಕೂ ಹೆಚ್ಚು ಮಂದಿಗೆ ಗೋಧಿ ಅಲರ್ಜಿ ಬಂತು. 2011ರಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಅದು ಅಲರ್ಜಿಯ ಕಥೆ, ಸೀಲಿಯಾಕ್‌ನದಲ್ಲ, ಎರಡನ್ನೂ ಬೆರೆಸಬಾರದು. ಆದರೂ ಆ ಘಟನೆಯಿಂದ ತುಣುಕಿನ ಗಾತ್ರ ಎಷ್ಟು ಮುಖ್ಯ ಎಂಬುದು ತಿಳಿಯಿತು. ಸೌಂದರ್ಯವರ್ಧಕಗಳಲ್ಲಿ ಇಂಥ ತುಣುಕುಗಳ ಸರಾಸರಿ ಅಣುತೂಕ 3.5 ಕಿಲೋಡಾಲ್ಟನ್ ಮೀರಬಾರದೆಂದು ಐರೋಪ್ಯ ಒಕ್ಕೂಟ 2017ರಲ್ಲಿ ನಿಯಮ ತಂದಿತು. ತುಂಡಾದ ಪ್ರೋಟೀನನ್ನು ಅಳೆಯುವುದೂ ಕಷ್ಟ. ಗ್ಲುಟೆನ್ ಪತ್ತೆಗೆ ಬಳಸುವ ಸ್ಯಾಂಡ್‌ವಿಚ್ ಪರೀಕ್ಷೆಗೆ ಒಂದೇ ತುಣುಕಿನಲ್ಲಿ ಪ್ರತಿಕಾಯ (ಗ್ಲುಟೆನ್ನನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನು) ಕೂರಲು ಎರಡು ಜಾಗ ಬೇಕು. ಚೂರು ತೀರಾ ಸಣ್ಣದಾದರೆ ಇದ್ದೂ ಕಾಣುವುದಿಲ್ಲ. ಅದಕ್ಕೆ ಒಂದೇ ಜಾಗ ಸಾಕಾಗುವ ‘ಕಾಂಪಿಟಿಟಿವ್’ ಎಂಬ ಬೇರೆ ಪರೀಕ್ಷೆ ಬೇಕು.

ನನಗೆ ನಿಜವಾಗಿ ಬೇಸರ ತರಿಸುವುದು ಲೇಬಲ್ಲು. ಆಹಾರಕ್ಕೆ ಹಾಕಿದ 20ರ ಗೆರೆ ಸೌಂದರ್ಯವರ್ಧಕಕ್ಕೆ ಅನ್ವಯಿಸುವುದಿಲ್ಲ. ಹೆಸರುಗಳು ಲ್ಯಾಟಿನ್‌ನಲ್ಲಿ ಅಡಗಿರುತ್ತವೆ: ಟ್ರಿಟಿಕಮ್ ಎಂದರೆ ಗೋಧಿ, ಹಾರ್ಡಿಯಮ್ ಎಂದರೆ ಬಾರ್ಲಿ, ಸೆಕೇಲ್ ಎಂದರೆ ರೈ. ಅವೀನಾ ಎಂದರೆ ಓಟ್ಸ್, ಹೆಚ್ಚಿನವರಿಗೆ ಅದು ತಾನಾಗಿ ಕೆಟ್ಟದ್ದಲ್ಲ, ಆದರೆ ಗೋಧಿಯ ಜೊತೆ ಬೆರೆತಿರುವ ಸಾಧ್ಯತೆ ಇದೆ. ವಿಟಮಿನ್ ಇ, ಅಂದರೆ ಟೊಕೊಫೆರಾಲ್, ಯಾವುದರಿಂದ ತೆಗೆದದ್ದು ಎಂದು ಲೇಬಲ್ ಹೇಳುವುದಿಲ್ಲ. ಅದು ಹೆಚ್ಚಾಗಿ ಸೋಯಾದಿಂದ ಬರುತ್ತದೆ, ಅದನ್ನು ಕಂಡೊಡನೆ ಗಾಬರಿಯಾಗಬೇಕಿಲ್ಲ. ಮೇಲಾಗಿ ಇಷ್ಟು ಸಣ್ಣ ಕಡ್ಡಿಯ ಪದಾರ್ಥಪಟ್ಟಿ ಸಾಮಾನ್ಯವಾಗಿ ಹೊರಗಿನ ಡಬ್ಬಿಯ ಮೇಲಿರುತ್ತದೆ, ಡಬ್ಬಿ ಕಸಕ್ಕೆ ಹೋಗಿರುತ್ತದೆ. ಎಸೆಯುವ ಮುನ್ನ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಅದೇ ಬ್ರ್ಯಾಂಡಿನ ಮುಂದಿನ ಕಡ್ಡಿ ಕೊಂಡಾಗ ಹೋಲಿಸಿ ನೋಡಿ, ಕಂಪನಿಗಳು ಸದ್ದಿಲ್ಲದೆ ಸೂತ್ರ ಬದಲಿಸುತ್ತವೆ.

ಕಂಪನಿಗೆ ಬರೆಯುವುದಾದರೆ ‘ಗ್ಲುಟೆನ್‌ರಹಿತವೇ?’ ಎಂದು ಕೇಳಿ ಸುಮ್ಮನಾಗಬೇಡಿ. ‘ಹೌದು’ ಎಂಬ ಒಂದು ಪದದ ಉತ್ತರದಿಂದ ಏನೂ ತಿಳಿಯುವುದಿಲ್ಲ. ಗೋಧಿ, ಬಾರ್ಲಿ, ರೈಗಳಿಂದ ಬಂದ ಪದಾರ್ಥ ಯಾವುದಾದರೂ ಇದೆಯೇ, ಸಿದ್ಧವಾದ ಮಾಲನ್ನೇ ಪರೀಕ್ಷಿಸಿದ್ದೀರಾ, ಯಾವ ಪರೀಕ್ಷೆ, ಬಂದ ಅಂಕಿ ಎಷ್ಟು ಎಂದು ಕೇಳಿ. ಉತ್ತರ ಬಾರದಿದ್ದರೆ ಉತ್ತರ ಕೊಡುವವರತ್ತ ಹೋಗಿ.

ಪಥ್ಯ ಮಾಡಿಯೂ ಹೊಟ್ಟೆ ಸರಿಹೋಗದಿದ್ದಾಗ, ರಕ್ತದ ಪ್ರತಿಕಾಯಗಳು ಇಳಿಯದಿದ್ದಾಗ, ಮೊದಲು ಹುಡುಕಬೇಕಾದದ್ದು ಊಟದ ತಟ್ಟೆಯಲ್ಲಿ. ತಿಳಿಯದೆ ಆಹಾರದಲ್ಲಿ ಹೋಗುವ ಗ್ಲುಟೆನ್ನೇ ಇದಕ್ಕೆ ಬಹುಸಾಮಾನ್ಯ ಕಾರಣ. ತುಟಿಯ ಸರದಿ ಅದರ ನಂತರ. ಆದರೆ ಒಂದು ಕೆಲಸವನ್ನು ಕಾಯಿಲೆ ಪತ್ತೆಯಾದ ದಿನವೇ ಮಾಡಿಬಿಡಬಹುದು. ಬ್ರೆಡ್ಡು ತಿಂದ ಬಾಯಿಗೆ ನೇರವಾಗಿ ಉಜ್ಜಿದ ಹಳೆಯ ಲಿಪ್ ಬಾಮ್, ಬೇರೆಯವರ ಜೊತೆ ಹಂಚಿಕೊಂಡ ತುಟಿಬಣ್ಣ, ಇವುಗಳ ಪದಾರ್ಥಪಟ್ಟಿ ಎಷ್ಟೇ ಶುದ್ಧವಾಗಿರಲಿ, ಮೇಣದ ಮೇಲ್ಮೈಯಲ್ಲಿ ಬ್ರೆಡ್ಡಿನಂಥ ತಿನಿಸಿನ ಚೂರುಗಳು ಅಂಟಿಕೊಂಡಿರಬಹುದು. ಅವನ್ನು ಎಸೆದು ನಿಮ್ಮೊಬ್ಬರದೇ ಆದ ಹೊಸದೊಂದನ್ನು ಇಟ್ಟುಕೊಳ್ಳಿ.