ಕಲ್ಲು ಒಂದೇ, ಅಂಕಣ ಒಂದೇ: ಕರ್ಲಿಂಗ್‌ನಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಚಾಂಪಿಯನ್‌ಶಿಪ್ ಏಕೆ?

ಪ್ರಶ್ನೆ: ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸಿ ಗುರಿವೃತ್ತದೊಳಗೆ ನಿಲ್ಲಿಸುವ ಕರ್ಲಿಂಗ್ ಬುದ್ಧಿಯ ಆಟ, ಗುರಿಯ ಆಟ ಎನ್ನುತ್ತಾರೆ. ಹಾಗಿದ್ದ ಮೇಲೆ ವಿಶ್ವ ಚಾಂಪಿಯನ್‌ಶಿಪ್ಪನ್ನು ಪುರುಷರಿಗೂ ಮಹಿಳೆಯರಿಗೂ ಪ್ರತ್ಯೇಕವಾಗಿ ನಡೆಸುವುದೇಕೆ?

ಉತ್ತರ: ನಿಯಮಗಳನ್ನು ಓದಿದರೆ ಈ ಪ್ರಶ್ನೆ ಇನ್ನೂ ಗಟ್ಟಿಯಾಗುತ್ತದೆ. ಗುಂಡು ಎಸೆತದಲ್ಲಿ ಪುರುಷರ ಗುಂಡು 7.26 ಕಿಲೋ, ಮಹಿಳೆಯರದು 4 ಕಿಲೋ. ಕರ್ಲಿಂಗ್‌ನಲ್ಲಿ ಅಂಥ ಭೇದವೇ ಇಲ್ಲ. ಹೆಚ್ಚೆಂದರೆ 19.96 ಕಿಲೋ ತೂಗುವ ಅದೇ ಗ್ರಾನೈಟ್ ಕಲ್ಲು, 45 ಮೀಟರಿಗೂ ಮಿಕ್ಕ ಉದ್ದದ ಅದೇ ಮಂಜುಗಡ್ಡೆಯ ಅಂಕಣ, ಅದೇ 10 ಎಂಡ್‌ಗಳು (ಪ್ರತಿ ತಂಡ ಎಂಟೆಂಟು ಕಲ್ಲು ಬಿಡುವ ಸುತ್ತುಗಳು), ಯೋಚಿಸಲು ತಂಡಕ್ಕೆ ಅದೇ 38 ನಿಮಿಷ. ಕಲ್ಲು ಬಿಡುವುದಕ್ಕೂ ತೋಳಿನ ಬಲ ಬೇಕಿಲ್ಲ. ಕಾಲಿನಿಂದ ಒದ್ದುಕೊಂಡು ಜಾರುತ್ತಾ ಬಂದು, ಹಿಡಿಯನ್ನು ಮೆಲ್ಲಗೆ ತಿರುಗಿಸಿ ಬಿಟ್ಟರಾಯಿತು. ಗುರಿವೃತ್ತದ ನಡುವೆ ಕಲ್ಲನ್ನು ನಿಲ್ಲಿಸುವ ಕೌಶಲದಲ್ಲಿ ಮಹಿಳೆಯರು ಯಾರಿಗೂ ಕಡಿಮೆಯಿಲ್ಲ.

ವ್ಯತ್ಯಾಸ ಇರುವುದು ಬ್ರಷ್‌ನಲ್ಲಿ. ಅಂಕಣದ ಮೇಲೆ ನೀರಿನ ಹನಿ ಚಿಮುಕಿಸಿ, ಅವು ಹೆಪ್ಪುಗಟ್ಟಿ ಸಣ್ಣ ಉಬ್ಬುಗಳಾಗುವಂತೆ ಮಾಡಿರುತ್ತಾರೆ. ಕಲ್ಲು ಸಾಗುವುದು ಈ ಉಬ್ಬುಗಳ ತಲೆಯ ಮೇಲೆ. ತಂಡದ ಇಬ್ಬರು ಬ್ರಷ್ ಹಿಡಿದು ಕಲ್ಲಿನ ಮುಂದೆ ಮಂಜುಗಡ್ಡೆಯನ್ನು ಉಜ್ಜುತ್ತಾ ಹೋದಾಗ ಮೇಲ್ಮೈ ತುಸು ಬೆಚ್ಚಗಾಗಿ ಘರ್ಷಣೆ ಇಳಿಯುತ್ತದೆ. ಕಲ್ಲು ಬಾಗುವುದು ಕಡಿಮೆಯಾಗಿ ಇನ್ನಷ್ಟು ದೂರ ಓಡುತ್ತದೆ. ಎಷ್ಟು ಬೆಚ್ಚಗಾಗುತ್ತದೆ ಎಂಬುದು ಎರಡರ ಮೇಲೆ ನಿಂತಿದೆ: ಬ್ರಷ್ ಮೇಲೆ ಬೀಳುವ ಭಾರ ಮತ್ತು ಉಜ್ಜುವ ವೇಗ. ದೇಹದ ತೂಕ, ಭುಜದ ಕಸುವು ಲೆಕ್ಕಕ್ಕೆ ಬರುವುದು ಇಲ್ಲೇ. ತಂಡದ ಮೊದಲ ಆಟಗಾರ್ತಿ ಪ್ರತಿ ಎಂಡ್‌ನಲ್ಲಿ ತನ್ನ ಎರಡು ಕಲ್ಲು ಬಿಟ್ಟು ಉಳಿದ ಆರಕ್ಕೂ ಬ್ರಷ್ ಹಿಡಿಯಬೇಕಾಗುತ್ತದೆ. 13 ತಂಡಗಳ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಲೀಗ್ ಹಂತದಲ್ಲೇ 12 ಪಂದ್ಯ. ಇದನ್ನು ದೈಹಿಕ ಶ್ರಮವಿಲ್ಲದ ಆಟ ಎನ್ನುವವರ ಮಾತನ್ನು ನಾನಂತೂ ಒಪ್ಪಲಾರೆ.

ಬ್ರಷ್‌ಗೆ ಎಷ್ಟು ಶಕ್ತಿಯಿದೆ ಎಂಬುದಕ್ಕೆ 2015ರ ಗಲಾಟೆಯೇ ಸಾಕ್ಷಿ. ಹೊಸ ಬಗೆಯ ಬಟ್ಟೆ ತೊಡಿಸಿದ ಬ್ರಷ್‌ಗಳು ಕಲ್ಲಿನ ದಾರಿಯನ್ನೇ ಬೇಕಾದತ್ತ ತಿರುಗಿಸತೊಡಗಿದ್ದವು. ಕಲ್ಲು ಬಿಡುವವರ ಕೌಶಲಕ್ಕೆ ಬೆಲೆಯೇ ಇಲ್ಲವಾಯಿತೆಂದು ಆಟಗಾರರೇ ಸಿಡಿದೆದ್ದರು. ಮರುವರ್ಷ ವಿಶ್ವ ಕರ್ಲಿಂಗ್ ಒಕ್ಕೂಟ ಬ್ರಷ್‌ನ ಬಟ್ಟೆಗೂ ನಿಯಮ ತಂದಿತು.

ಬಲ ಕೆಲಸಕ್ಕೆ ಬರುವ ಇನ್ನೊಂದು ಕಡೆ, ಎದುರಾಳಿಯ ಎರಡು ಮೂರು ಕಲ್ಲುಗಳನ್ನು ಒಂದೇ ಏಟಿಗೆ ಹೊರದಬ್ಬುವ ಬಿರುಸಿನ ಹೊಡೆತ. ಪುರುಷರ ಪಂದ್ಯಗಳಲ್ಲಿ ಅದು ಹೆಚ್ಚು. ಮಹಿಳೆಯರ ಪಂದ್ಯಗಳಲ್ಲಿ ಕಲ್ಲುಗಳು ಅಂಕಣದಲ್ಲೇ ಉಳಿದು ಲೆಕ್ಕಾಚಾರ ಜಟಿಲವಾಗುವುದೇ ಹೆಚ್ಚೆಂದು ನನಗನ್ನಿಸುತ್ತದೆ. ಹೊಸದಾಗಿ ನೋಡುವವರು ಅಲ್ಲಿಂದ ಶುರುಮಾಡಲಿ.

ಆದರೆ ಎಲ್ಲವನ್ನೂ ಬಲದ ತಲೆಗೆ ಕಟ್ಟುವುದು ಸರಿಯಲ್ಲ. ಪುರುಷರ ವಿಶ್ವ ಚಾಂಪಿಯನ್‌ಶಿಪ್ 1959ರಲ್ಲಿ ಸ್ಕಾಟ್ಲೆಂಡ್ ಮತ್ತು ಕೆನಡಾ ನಡುವಿನ ಸ್ಕಾಚ್ ಕಪ್ ಆಗಿ ಹುಟ್ಟಿತು. ಮಹಿಳೆಯರು ಅದಕ್ಕಾಗಿ 1979ರವರೆಗೆ, ಅಂದರೆ ಇಪ್ಪತ್ತು ವರ್ಷ ಕಾಯಬೇಕಾಯಿತು. ಸ್ಕಾಟ್ಲೆಂಡಿನ ಪರ್ತ್‌ನಲ್ಲಿ ನಡೆದ ಆ ಮೊದಲ ಕೂಟವನ್ನು ಸ್ವಿಟ್ಜರ್ಲೆಂಡ್ ಗೆದ್ದಿತು. ಇಷ್ಟು ತಡವಾದದ್ದಕ್ಕೆ ಬ್ರಷ್‌ನ ಭೌತಶಾಸ್ತ್ರ ಕಾರಣವಾಗಲಾರದು. ಅವಕಾಶ ಕೊಡದೆ ಇದ್ದದ್ದೇ ಕಾರಣ. 1975ರಲ್ಲಿ ಫ್ರಾನ್ಸಿನ ಮೆಜೆವ್‌ನಲ್ಲಿ ಆರಂಭವಾದ ಯುರೋಪಿಯನ್ ಚಾಂಪಿಯನ್‌ಶಿಪ್ ಮೊದಲ ವರ್ಷದಿಂದಲೇ ಎರಡೂ ವಿಭಾಗಗಳನ್ನು ಒಟ್ಟಿಗೆ ನಡೆಸಿ ತೋರಿಸಿತ್ತು. ವಿಶ್ವ ಕೂಟಗಳೂ 1989ರಿಂದ 2004ರವರೆಗೆ ಒಂದೇ ಊರಿನಲ್ಲಿ ಜೊತೆಯಾಗಿ ನಡೆದು, 2005ರಲ್ಲಿ ಮತ್ತೆ ಬೇರೆಯಾದವು.

ಗಂಡು ಹೆಣ್ಣು ಜೊತೆಯಾಗಿ ಆಡುವುದನ್ನು ನೋಡಬೇಕೆಂದರೆ ಮಿಕ್ಸೆಡ್ ಡಬಲ್ಸ್ ಇದೆ. ಅದರ ವಿಶ್ವ ಚಾಂಪಿಯನ್‌ಶಿಪ್ 2008ರಲ್ಲಿ ಶುರುವಾಯಿತು; ಒಲಿಂಪಿಕ್ಸ್‌ಗೆ ಬಂದದ್ದು 2018ರಲ್ಲಿ. ಅಲ್ಲೂ ಹೆಚ್ಚಾಗಿ ಉಜ್ಜುವ ಕೆಲಸ ಗಂಡಿನ ಪಾಲಿಗೆ ಬರುತ್ತದೆ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಇಟಲಿಯ ಸ್ಟೆಫಾನಿಯಾ ಕಾನ್‌ಸ್ಟಾಂಟೀನಿ ಮತ್ತು ಆಮೋಸ್ ಮೊಸಾನರ್ ಒಂದೂ ಪಂದ್ಯ ಸೋಲದೆ ಚಿನ್ನ ಗೆದ್ದರು.